ಅಕ್ಕನ ಅಂಗಿ ಸಡಿಲಾದದ್ದು

ಅಕ್ಕ ತೂಕ ಇಳಿಸಬೇಕಾಗಿ ಬಂದದ್ದು ಚೆಂದ ಕಾಣಲೆಂದಲ್ಲ. ಚೆಂದದ ವಿಷಯದಲ್ಲಿ ಅವಳು ಕನ್ನಡಿಯ ಜೊತೆ ಎಂದೋ ರಾಜಿ ಮಾಡಿಕೊಂಡಿದ್ದಳು. ತಮ್ಮನ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು, ತನ್ನದೊಂದನ್ನು ಅವನಿಗೆ ಕೊಡಲು ಅಕ್ಕ ಹೊರಟಿದ್ದಳು. ರಕ್ತ ಹೊಂದಿತು, ಹೊಂದಬೇಕಾದ ಇನ್ನೇನೇನೋ ಹೊಂದಿದವು. ಕೊನೆಗೆ ಡಾಕ್ಟರಮ್ಮ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ನೋಡಿ, ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೊಮ್ಮೆ ನೋಡಿದರು.

"ಕಿಡ್ನಿ ಚೆನ್ನಾಗಿದೆ. ಅದರ ಸುತ್ತ ಇರೋದು ಜಾಸ್ತಿ ಆಯ್ತು."

"ಸುತ್ತ ಇರೋದನ್ನೂ ಕೊಡ್ತೀನಿ, ಅವನಿಗೇ ಹಾಕಿ," ಎಂದಳು ಅಕ್ಕ. "ಒಣಗಿ ಹೋಗಿದಾನೆ."

ಡಾಕ್ಟರಮ್ಮ ನಗಲಿಲ್ಲ. ಈ ತೂಕದಲ್ಲಿ ಹೊಟ್ಟೆ ಕೊಯ್ದರೆ ಕೊಡುವವರಿಗೇ ಅಪಾಯ, ಎಂಟು ಕಿಲೋ ಇಳಿಸಿಕೊಂಡು ಎರಡು ತಿಂಗಳು ಬಿಟ್ಟು ಬನ್ನಿ ಎಂದರು. ಕಡಿಮೆ ತಿನ್ನಿ, ನಡೆಯಿರಿ, ಅಷ್ಟೇ. ಬೇರೆ ಬೇರೆ ಯಂತ್ರ ಹತ್ತಿ ತಲೆ ಕೆಡಿಸಿಕೊಳ್ಳಬೇಡಿ, ಒಂದೊಂದು ಒಂದೊಂದು ಹೇಳುತ್ತದೆ, ಇಲ್ಲೇ ತೂಗೋಣ ಎಂದರು. ಹೊರಡುವಾಗ ತಮ್ಮನ ವಿಷಯವನ್ನೂ ಹೇಳಿದರು. ರಕ್ತ ಶುದ್ಧ ಮಾಡುವ ಯಂತ್ರಕ್ಕೆ ಸೂಜಿ ಚುಚ್ಚುವ ಅವನ ಎಡಗೈ ನರ ಸೋಲುತ್ತಿತ್ತು. ಅದನ್ನು ಆಗಲೇ ಒಂದು ಸಲ ಸರಿ ಮಾಡಿ ಆಗಿತ್ತು. ತುಂಬಾ ದಿನ ಕಾಯುವ ಹಾಗಿರಲಿಲ್ಲ.

ಅಕ್ಕನದು ಹೊಲಿಗೆ ಅಂಗಡಿ. ಅವಳನ್ನು ಅಕ್ಕ ಎನ್ನುತ್ತಿದ್ದುದು ತಮ್ಮನೊಬ್ಬನೇ ಅಲ್ಲ, ಅವಳ ಅಮ್ಮನ ವಯಸ್ಸಿನ ಗಿರಾಕಿಗಳೂ ಹಾಗೇ ಕರೆಯುತ್ತಿದ್ದರು. ಅವಳ ಗಂಡ ಬಟ್ಟೆ ಕತ್ತರಿಸುವ ಮಾಸ್ತರು. ಮೂಲೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು ಗುಂಡಿಗಳಿಗೆ ಕಾಜಾ ತೆಗೆಯುವವಳು ಕಾಜಾ ಅತ್ತೆ. ಯಾರಿಗೆ ಅತ್ತೆಯೋ ಯಾರಿಗೂ ನೆನಪಿಲ್ಲ. ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಮಾಸ್ತರು ಗಿರಾಕಿಯ ಮೈಗೆ ಟೇಪು ಹಿಡಿದು ಅಳತೆ ಕೂಗುವುದು, ಅಕ್ಕ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆಯುವುದು. ಮದುವೆಯಾದಾಗಿನಿಂದ ಹೀಗೇ. ಅವರು ಕೂಗಿದ್ದನ್ನು ಅವಳು ತಿರುಗಿ ಕೇಳಿದ್ದಿಲ್ಲ, ತಿರುಗಿ ನೋಡಿದ್ದೂ ಇಲ್ಲ.

ಮೊದಲ ವಾರ ಅಕ್ಕ ಡಾಕ್ಟರಮ್ಮನ ಮಾತು ಮೀರಲಿಲ್ಲ. ಬೆಳಗ್ಗೆ ಎದ್ದು ಪಾರ್ಕು ಸುತ್ತಿದಳು. ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ಬಿಟ್ಟಳು, ಬೆಣ್ಣೆಯಿಲ್ಲದ ಬ್ರೆಡ್ಡಿನ ಮುಖ ನೋಡಲಾಗದೆ ಬ್ರೆಡ್ಡನ್ನೂ ಬಿಟ್ಟಳು. ಮಧ್ಯಾಹ್ನಕ್ಕೆ ಸೌತೆಕಾಯಿ ಹೆಚ್ಚಿಕೊಂಡು ಕೂತರೆ ನೀರನ್ನೇ ಅಗಿಯುತ್ತಿದ್ದೇನೆ ಎನಿಸುತ್ತಿತ್ತು.

"ಯಾಕೆ ಮುಖ ಹಂಗಿದೆ? ಯಾರಾದ್ರೂ ಹೋಗಿಬಿಟ್ರಾ?" ಎಂದಳು ಕಾಜಾ ಅತ್ತೆ.

"ಹಸಿವು ಅತ್ತೆ."

"ಹಂಗಾದ್ರೆ ತಿನ್ನು."

"ತಿನ್ನೋ ಹಾಗಿಲ್ಲ."

"ಹಂಗಾದ್ರೆ ಸುಮ್ನಿರು. ನೋಡೋರಿಗೆ ಹೊಟ್ಟೆ ಉರಿಯುತ್ತೆ," ಎಂದು ಅತ್ತೆ ತನ್ನ ಬಿಸ್ಕತ್ತಿನ ಪೊಟ್ಟಣವನ್ನು ಸೆರಗಿನ ಮರೆಗೆ ಎಳೆದುಕೊಂಡಳು.

ಎರಡನೆಯ ವಾರದಲ್ಲಿ ಒಂದು ದಿನ ಆಸ್ಪತ್ರೆಗೆ ತಮ್ಮನನ್ನು ನೋಡಲು ಹೊರಟ ಅಕ್ಕ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ತನ್ನ ನೀಲಿ ಅಂಗಿ ತೊಟ್ಟಳು. ಪಕ್ಕದ ಕೊಕ್ಕೆ ಹತ್ತಲಿಲ್ಲ. ಉಸಿರು ಎಳೆದಳು, ಹತ್ತಲಿಲ್ಲ. ಉಸಿರು ಬಿಟ್ಟಳು, ಅಲ್ಲಿಯವರೆಗೆ ಹತ್ತಿರ ಬಂದಿದ್ದ ಕೊಕ್ಕೆಯೂ ದೂರ ಹೋಯಿತು. ಅಷ್ಟು ದಿನದ ಸೌತೆಕಾಯಿ ಎಲ್ಲಿ ಹೋಯಿತೋ! ಪರದೆಯಿಂದ ಈಚೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ಏನಾಯ್ತೇ?" ಎಂದರು ಮಾಸ್ತರು.

"ನೂಲಿನ ಧೂಳು."

ಮಾಸ್ತರು ಪರದೆಯನ್ನು ನೋಡಿದರು, ನೀಲಿ ಅಂಗಿಯನ್ನು ನೋಡಿದರು, ಮತ್ತೆ ಕತ್ತರಿ ಹಿಡಿದರು.

ಮರುದಿನ ತಮ್ಮನ ಹೆಂಡತಿ ಬಂದಳು. ಮದುವೆಯಾಗಿ ಬಂದ ದಿನದಿಂದ ಅಕ್ಕ ಅವಳನ್ನು ಪುಟ್ಟಿ ಎಂದೇ ಕರೆಯುವುದು. ಪುಟ್ಟಿ ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಕಂಡವರ ಕಾಲ ಬುಡದಲ್ಲಿ ಕೂತೆದ್ದು, ನಡುವೆ ಗಂಡನನ್ನು ಯಂತ್ರಕ್ಕೆ ಕರೆದುಕೊಂಡು ಹೋಗಿ ಕರೆತರುತ್ತಿದ್ದಳು. ಬಂದವಳೇ ಚೀಲದಿಂದ ಒಂದು ಹಸಿರು ಡಬ್ಬಿ ತೆಗೆದು ಕತ್ತರಿಸುವ ಮೇಜಿನ ಮೇಲಿಟ್ಟಳು.

"ಅಕ್ಕಾ, ಇದು ಔಷಧಿ ಅಲ್ಲ. ಎಲ್ಲಾ ಗಿಡದ್ದೇ. ಹಸಿರು ಚಹಾ ಎಲೆಯ ಸತ್ವ, ಯಾವುದೋ ಹುಳಿ ಹಣ್ಣಿನ ಸಿಪ್ಪೆಯ ಸತ್ವ, ಇನ್ನೊಂದು ಬೇರಂತೆ, ಹೆಸರು ನಾಲಿಗೆಗೆ ಹತ್ತಲ್ಲ. ಕೊಬ್ಬನ್ನ ಕರಗಿಸುತ್ತಂತೆ."

"ಕರಗಿ ಎಲ್ಲಿಗೆ ಹೋಗುತ್ತಂತೆ?"

"ಅದು ಬರೆದಿಲ್ಲ."

"ಡಾಕ್ಟರಮ್ಮನ್ನ ಒಂದ್ಮಾತು ಕೇಳಬೇಡ್ವೇನೇ?"

"ಚಹಾ ಕುಡಿಯೋಕೆ ಯಾರಾದ್ರೂ ಡಾಕ್ಟರನ್ನ ಕೇಳ್ತಾರಾ ಅಕ್ಕಾ?" ಎಂದಳು ಪುಟ್ಟಿ. ನಗಲು ನೋಡಿದಳು, ಬಾಯಿ ಕೇಳಲಿಲ್ಲ. "ನಿನ್ನೆ ಸೂಜಿ ಹೋಗೋಕೇ ಎಷ್ಟು ಹೊತ್ತು ಹಿಡೀತು ಗೊತ್ತಾ? ಇವರು ಗೋಡೆ ಕಡೆ ತಿರುಗಿ ಹಾಡು ಹೇಳ್ಕೋತಿದ್ರು. ಇವರಿಗೆ ಹಾಡು ಬರಲ್ಲ."

ಅಕ್ಕ ಮತ್ತೇನೂ ಕೇಳದೆ ಎರಡು ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಗುಳಿಗೆ ಹಸಿರಾಗಿತ್ತು, ಹುಲ್ಲಿನ ವಾಸನೆ ಬರುತ್ತಿತ್ತು.

ಮುಂದಿನ ವಾರ ನೀಲಿ ಅಂಗಿಯ ಕೊಕ್ಕೆ ಹತ್ತಿತು.

ಹತ್ತಿದ್ದು ಮಾತ್ರವಲ್ಲ, ಒಳಗೆ ಬೆರಳು ಹೋಗುವಷ್ಟು ಜಾಗವೂ ಇತ್ತು. ಅಕ್ಕ ಪರದೆಯ ಹಿಂದಿನಿಂದ ಬಂದು ಅಂಗಡಿಯ ನಡುವೆ ಒಂದು ಸುತ್ತು ತಿರುಗಿದಳು.

"ನೋಡ್ರೀ!"

"ನೋಡ್ದೆ," ಎಂದರು ಮಾಸ್ತರು.

"ಸತ್ವ ಅಂದ್ರೆ ಸತ್ವ ನೋಡಿ. ಅತ್ತೆ, ನೀವೂ ನೋಡಿ."

"ಕಾಜಾ ಕೆಟ್ಟೋಗುತ್ತೆ ತಾಯಿ," ಎಂದಳು ಅತ್ತೆ ತಲೆಯೆತ್ತದೆ.

ಆಮೇಲೆ ಬೂದು ಅಂಗಿಯೂ ಸಡಿಲಾಯಿತು, ಹಳದಿಯದೂ ಸಡಿಲಾಯಿತು. ಅಕ್ಕ ಪುಟ್ಟಿಗೆ ಫೋನು ಮಾಡಿ, ಕೆಲಸ ಮಾಡ್ತಿದೆ ಕಣೇ ಎಂದಳು. ಆ ಕಡೆಯಿಂದ ಮೂಗು ಎಳೆಯುವ ಸದ್ದು ಬಂತು. ಔಷಧಿ ಅಂಗಡಿಯ ತೂಕದ ಯಂತ್ರ ಹತ್ತಿ ನೋಡೋಣವಾ ಎಂದು ಪುಟ್ಟಿ ಕೇಳಿದ್ದಕ್ಕೆ, ಅಂಗಿಯೇ ಹೇಳ್ತಿರುವಾಗ ಯಂತ್ರ ಯಾಕೆ, ಡಾಕ್ಟರಮ್ಮನೂ ಬೇಡ ಅಂದಿದಾರೆ ಎಂದಳು. ಆದರೂ ಕುತೂಹಲ ತಡೆಯದೆ ಒಂದು ದಿನ ಕೈಯೆತ್ತಿ ನಿಂತು, ಸೊಂಟದ ಅಳತೆ ತೆಗೀರಿ ಎಂದಳು ಗಂಡನಿಗೆ.

ಮಾಸ್ತರು ಟೇಪು ಸುತ್ತಿದರು. ಬೆನ್ನ ಹಿಂದೆ ನಿಂತು ಅದನ್ನು ಬಿಚ್ಚಿ ಮತ್ತೊಮ್ಮೆ ಸುತ್ತಿದರು.

"ಕೂಗ್ರೀ!"

ಕೂಗಿದರು. ಹಿಂದಿನದಕ್ಕಿಂತ ಎರಡು ಇಂಚು ಕಡಿಮೆ. ಅಕ್ಕ ಹಲಗೆಯ ಮೇಲೆ ತನ್ನ ಕೈಯಾರೆ ಬರೆದಳು, ಬರೆದು ಕೆಳಗೆ ಗೆರೆ ಎಳೆದಳು.

ಎರಡು ಗುಳಿಗೆಗೆ ಇಷ್ಟಾದರೆ ನಾಲ್ಕಕ್ಕೆ ಎಷ್ಟಾಗಬೇಡ? ಬಟ್ಟೆಯ ಲೆಕ್ಕ ಗೊತ್ತಿದ್ದವಳಿಗೆ ಇದೊಂದು ದೊಡ್ಡ ಲೆಕ್ಕವೇ ಅಲ್ಲ. ನಾಲ್ಕು ನುಂಗತೊಡಗಿದಳು. ಸತ್ವ ತನ್ನ ಕೆಲಸ ತಾನು ಮಾಡುತ್ತಿರುವಾಗ ಹೊಟ್ಟೆಗೆ ಮೋಸ ಮಾಡುವುದು ಯಾಕೆಂದು ಬ್ರೆಡ್ಡು ಮನೆಗೆ ವಾಪಸ್ಸು ಬಂತು, ಅದರ ಹಿಂದೆಯೇ ಬೆಣ್ಣೆಯೂ ಬಂತು. ಪಾರ್ಕಿನ ಸುತ್ತು ಮಾತ್ರ ನಿಲ್ಲಲಿಲ್ಲ. ಅವಳು ಸುತ್ತಿ ಬರುವಷ್ಟರಲ್ಲಿ ಮಾಸ್ತರು, ಎಂದೂ ಇಲ್ಲದ ಹಾಗೆ, ಬೇಗನೆ ಎದ್ದು ಮೆಷಿನ್ನಿನ ಮುಂದೆ ಕೂತಿರುತ್ತಿದ್ದರು. ಶಾಲೆಯ ಸಮವಸ್ತ್ರದ ಗಡಿಬಿಡಿ ಎನ್ನುತ್ತಿದ್ದರು. ತಿಂಗಳು ಕಳೆಯುವ ಹೊತ್ತಿಗೆ ಅಕ್ಕನಿಗೆ ವಿನಾಕಾರಣ ಸುಸ್ತು, ಮೈಯೆಲ್ಲ ನವೆ, ಬಾಯಿ ಕಹಿ. ಇಷ್ಟು ಕೊಬ್ಬು ಕರಗುವಾಗ ಅಷ್ಟೂ ಆಗದೆ ಇರುತ್ತದೆಯೇ ಎಂದುಕೊಂಡಳು.

ಹೇಳಿದ ದಿನಕ್ಕೆ ಸರಿಯಾಗಿ ನೀಲಿ ಅಂಗಿ ತೊಟ್ಟು, ಪುಟ್ಟಿಯನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಮೊದಲು ರಕ್ತ ತೆಗೆದುಕೊಂಡರು. ಪುಟ್ಟಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಅಕ್ಕ ಮುಖ ಇಷ್ಟಗಲ ಮಾಡಿಕೊಂಡು ಡಾಕ್ಟರಮ್ಮನ ಕೋಣೆಗೆ ಹೋಗಿ ಯಂತ್ರ ಹತ್ತಿದಳು.

ಮುಳ್ಳು ಹಿಂದಿನ ಜಾಗಕ್ಕೇ ಹೋಗಿ, ಅಲ್ಲಿ ನಿಲ್ಲದೆ, ಒಂದು ಕೂದಲೆಳೆ ಮುಂದೆ ಹೋಗಿ ನಿಂತಿತು.

"ನಿಮ್ಮ ಯಂತ್ರ ಕೆಟ್ಟಿದೆ," ಎಂದಳು ಅಕ್ಕ.

ಡಾಕ್ಟರಮ್ಮ ಅವಳನ್ನು ಇಳಿಸಿ ತಾವು ಹತ್ತಿದರು. ಮುಳ್ಳು ನೋಡಿದರು. "ನನ್ನ ವಿಷಯದಲ್ಲಿ ಸರಿಯಾಗೇ ಹೇಳ್ತಿದೆ."

"ಡಾಕ್ಟರಮ್ಮ, ನಾನು ಹೊಲಿಗೆಯವಳು. ಸಡಿಲ ಯಾವುದು ಬಿಗಿ ಯಾವುದು ನನಗೆ ಗೊತ್ತಾಗಲ್ವಾ? ನೋಡಿ ಇಲ್ಲಿ, ಕೈ ಹಾಕಿ ನೋಡಿ."

ಡಾಕ್ಟರಮ್ಮ ಕೈ ಹಾಕಿ ನೋಡಿದರು. ಅಂಗಿ ಸಡಿಲವಾಗಿಯೇ ಇತ್ತು. ಅವರು ಅಂಗಿಯನ್ನೂ ಮುಳ್ಳನ್ನೂ ನೋಡಿ, ಹೊಟ್ಟೆಯ ಸ್ಕ್ಯಾನ್ ಒಂದು ಮಾಡಿಬಿಡೋಣ, ಅಷ್ಟರಲ್ಲಿ ರಕ್ತದ ರಿಪೋರ್ಟೂ ಬರುತ್ತದೆ ಎಂದರು.

ಸ್ಕ್ಯಾನ್ ಮಾಡುವವಳು ಅಕ್ಕನನ್ನು ಮಲಗಿಸಿ, ಬಲಗೈ ತಲೆಯ ಮೇಲೆ ಇಟ್ಟುಕೊಳ್ಳಿ ಎಂದಳು. ಇಟ್ಟುಕೊಂಡಳು. ಅವಳು ಅಕ್ಕನ ಹೊಟ್ಟೆಗೆ ತಣ್ಣನೆಯ ಅಂಟು ಸವರಿದಳು. ಅದನ್ನು ನೋಡಲಾರದೆ ಅಕ್ಕ ಮುಖ ಪಕ್ಕಕ್ಕೆ ತಿರುಗಿಸಿದಳು. ಮೇಲಕ್ಕೆ ಎಳೆದ ಅಂಗಿಯ ಪಕ್ಕದ ಹೊಲಿಗೆ ಕಣ್ಣಿಗೆ ಅಂಗೈಯಷ್ಟು ದೂರದಲ್ಲಿತ್ತು. ಬಿಳಿ ದೀಪ ನೇರವಾಗಿ ಅದರ ಮೇಲೆ ಬೀಳುತ್ತಿತ್ತು.

ಕಂಕುಳಿನಿಂದ ಕೆಳಗಿನವರೆಗೆ ಹೊಲಿಗೆಯ ಉದ್ದಕ್ಕೂ ಬೆರಳಗಲದ ಒಂದು ಪಟ್ಟಿ ಕಡುನೀಲಿಯಾಗಿತ್ತು. ಒಗೆದೊಗೆದು ಮಾಸಿದ ಅಂಗಿಯಲ್ಲಿ ಅಷ್ಟು ಮಾತ್ರ ಹೊಸ ಬಟ್ಟೆಯ ಬಣ್ಣ. ಬಿಸಿಲು ಕಾಣದ, ಇಷ್ಟು ವರ್ಷ ಒಳಗೆ ಮಡಿಚಿಕೊಂಡಿದ್ದ ಬಟ್ಟೆ. ಹಳೆಯ ಹೊಲಿಗೆಯ ಸಣ್ಣ ತೂತುಗಳನ್ನು ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿ ಮುಚ್ಚಲು ನೋಡಿದ್ದರು. ಚೆನ್ನಾಗಿಯೇ ಮುಚ್ಚಿದ್ದರು. ಆ ಕೆಲಸ ಅಷ್ಟು ಅಚ್ಚುಕಟ್ಟಾಗಿ ಮಾಡುವವರು ಊರಿಗೆ ಒಬ್ಬರೇ ಇದ್ದರು.

"ಉಸಿರು ಬಿಡಿ," ಎಂದಳು ಸ್ಕ್ಯಾನ್ ಮಾಡುವವಳು. "ಅಮ್ಮಾ, ಉಸಿರು ಬಿಡಿ."

ರಿಪೋರ್ಟು ಬಂತು. ಡಾಕ್ಟರಮ್ಮ ಓದಿ ಕನ್ನಡಕ ತೆಗೆದರು, ಈ ಸಲ ಒರೆಸಲಿಲ್ಲ.

"ಲಿವರ್‌ಗೆ ಪೆಟ್ಟು ಬಿದ್ದಿದೆ. ಏನು ತಗೋತಿದ್ದೀರಿ?"

"ಏನೂ ಇಲ್ಲ. ಎಲೆ."

"ಎಂಥ ಎಲೆ?"

ಅಕ್ಕ ಹೇಳಿದಳು. ಸಿಪ್ಪೆಯ ವಿಷಯವನ್ನೂ ಬೇರಿನ ವಿಷಯವನ್ನೂ ಹೇಳಿದಳು. ನಾಲ್ಕರ ವಿಷಯ ಹೇಳುವಾಗ ದನಿ ತಗ್ಗಿತು.

"ಚಹಾ ತಾನೇ ಡಾಕ್ಟರಮ್ಮ?"

"ಚಹಾ ಬೇರೆ, ಕಂತೆಗಟ್ಟಲೆ ಎಲೆ ಹಿಂಡಿ ಗುಳಿಗೆ ಮಾಡಿದ್ದು ಬೇರೆ. ಕೆಲವರಿಗೆ ಏನೂ ಆಗಲ್ಲ, ಕೆಲವರ ಲಿವರ್ ತಡ್ಕೊಳಲ್ಲ. ತೂಕಾನೂ ಇಳಿಸುತ್ತೋ ಬಿಡುತ್ತೋ, ಇಳಿಸಿದ್ರೂ ಅಷ್ಟಕ್ಕಷ್ಟೇ. ಕೊಬ್ಬು ಕರಗಿಸೋ ಶಕ್ತಿ ಎಲೆಗಿದೆ ಅಂತ ನಂಬ್ತೀರಿ, ಕೆಡಿಸೋ ಶಕ್ತಿನೂ ಇರಬಹುದು ಅಂತ ಯಾಕೆ ಅನ್ನಿಸಲ್ಲ ನಿಮಗೆ?"

ಗುಳಿಗೆ ಈವತ್ತೇ ನಿಲ್ಲಬೇಕು, ಲಿವರ್ ಸರಿಹೋಗುವವರೆಗೆ ಆಪರೇಷನ್ನಿನ ಮಾತೇ ಇಲ್ಲ, ಆಮೇಲೆ ತೂಕ ಮೊದಲಿಂದ ಇಳಿಸಬೇಕು ಎಂದರು ಡಾಕ್ಟರಮ್ಮ. ತಮ್ಮನ ಕೈ ಅಷ್ಟು ದಿನ ತಾಳುತ್ತದಾ ಎಂದು ಅಕ್ಕ ಕೇಳಿದಳು. ನೋಡೋಣ ಎಂದರು. ಡಾಕ್ಟರುಗಳು ನೋಡೋಣ ಎಂದರೆ ಏನರ್ಥವೆಂದು ಅಕ್ಕನಿಗೆ ಈಚೆಗೆ ಗೊತ್ತಾಗತೊಡಗಿತ್ತು.

ಬೆಂಚಿನಲ್ಲಿ ಪುಟ್ಟಿ ಎದ್ದು ನಿಂತಳು. ಅವಳಿಗೆ ಹೇಳಲು ಅಕ್ಕ ಕೋಣೆಯಿಂದ ಬೆಂಚಿನವರೆಗೂ ಒಂದು ಸುಳ್ಳು ಹುಡುಕಿದ್ದಳು. ಆದರೆ ಈ ಎರಡು ತಿಂಗಳಿನಲ್ಲಿ ಮನೆಯಲ್ಲಿ ಸುಳ್ಳು ಸಾಕಷ್ಟು ಖರ್ಚಾಗಿತ್ತೆನಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪುಟ್ಟಿ ಕೂತುಬಿಟ್ಟಳು. "ಡಬ್ಬಿ ಮೇಲೆ ಎಲೆ ಚಿತ್ರ ಇತ್ತಲ್ಲ ಅಕ್ಕಾ," ಎಂದಳು.

"ಇತ್ತು ಪುಟ್ಟಿ."

"ನಾನೇ ನನ್ನ ಕೈಯಾರೆ..."

"ನುಂಗಿದ್ದು ನಾನು. ಎರಡು ಕೊಟ್ಟೆ ನೀನು, ನಾಲ್ಕು ನುಂಗಿದೋಳು ನಾನು. ಮೂಗು ಒರೆಸ್ಕೋ. ಅವನ ಮುಂದೆ ಹೀಗೆ ಹೋದ್ರೆ ಮತ್ತೆ ಹಾಡು ಶುರು ಮಾಡ್ತಾನೆ."

ಅಂಗಡಿಗೆ ಬಂದ ಅಕ್ಕ ಪರದೆಯ ಹಿಂದೆ ಹೋಗಿ ಬೇರೆ ಬಟ್ಟೆ ಹಾಕಿಕೊಂಡು, ನೀಲಿ ಅಂಗಿಯನ್ನು ಒಳಮೈ ಹೊರಗಾಗಿ ಕತ್ತರಿಸುವ ಮೇಜಿನ ಮೇಲೆ ಹರಡಿದಳು.

"ಇದು ಯಾರ ಹೊಲಿಗೆ?"

ಮಾಸ್ತರು ನೋಡಿದರು. "ನಂದು."

"ಚೆನ್ನಾಗಿ ಬಂದಿದೆ," ಎಂದಳು ಅಕ್ಕ. ಅದು ನಿಜವೂ ಆಗಿತ್ತು. "ಎಷ್ಟು ಅಂಗಿ ಬಿಚ್ಚಿದ್ರಿ?"

"ಎಲ್ಲಾ. ಮಲಗುವಾಗ ಹಾಕ್ಕೊಳ್ಳೋದು ಬಿಟ್ಟೆ. ಅದು ಮೊದಲೇ ಸಡಿಲ."

ಅಕ್ಕ ಮೂಲೆಯ ಕಡೆ ತಿರುಗಿದಳು. "ಅತ್ತೆ, ನಿಮಗೂ ಗೊತ್ತಿತ್ತಾ?"

"ನಂಗೇನು ಗೊತ್ತು ತಾಯಿ, ನಾನು ಕಾಜಾದವಳು. ಹೊಲಿಯೋದು ನನ್ನ ಕೆಲಸವೇ ಅಲ್ಲ," ಎಂದಳು ಅತ್ತೆ. ಸೂಜಿಗೆ ದಾರ ಪೋಣಿಸಿಕೊಂಡು, "ಬಿಚ್ಚಿದ್ದು ಮಾತ್ರ ನಾನು," ಎಂದು ಸೇರಿಸಿದಳು.

"ಯಾಕ್ರೀ?" ಎಂದಳು ಅಕ್ಕ ಗಂಡನಿಗೆ.

ಮಾಸ್ತರು ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಆವತ್ತು ಕೊಕ್ಕೆ ಹತ್ತಲಿಲ್ಲ ಅಂತ ಪರದೆ ಹಿಂದೆ ಅಳ್ತಿದ್ದೆಯಲ್ಲ. ಗಿರಾಕಿ ಅತ್ರೆ ಏನು ಮಾಡ್ತೀವಿ? ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡ್ತೀವಿ. ನಂಗೆ ಬೇರೇನು ಬರುತ್ತೆ?"

"ಮತ್ತೆ ಅಳತೆ?"

"ಅಂಗಿ ಸುಳ್ಳು ಹೇಳಿಬಿಟ್ಟಿತ್ತು. ಟೇಪು ನಿಜ ಹೇಳಿದ್ರೆ ಎರಡಕ್ಕೂ ತಾಳೆ ಆಗ್ತಿರಲಿಲ್ಲ."

ಅಕ್ಕ ಅಂಗಿಯ ಮೇಲೆ ಕೈಯಾಡಿಸಿದಳು. ಕೇಳಬೇಕಾದ್ದು ಇನ್ನೊಂದಿತ್ತು. ಕೇಳದೆ ಬಿಟ್ಟರೂ ಆಗುತ್ತಿತ್ತು.

"ನಾನು ಇಳೀದೇ ಇದ್ರೆ ಅವರು ಕೊಯ್ಯಲ್ಲ. ಅದಕ್ಕಾ?"

"ಮೊದಲು ಅದಕ್ಕಲ್ಲ."

"ಆಮೇಲೆ?"

ಮಾಸ್ತರು ಗೋಡೆಯ ಹಲಗೆಯನ್ನು ನೋಡಿದರು. "ಆಮೇಲೆ, ನೀನು ಪಾರ್ಕಿಗೆ ಹೋದ್ಮೇಲೆ ಒಬ್ಬನೇ ಕೂತು ಹೊಲಿಗೆ ಹಾಕುವಾಗ, ಇದು ಹೀಗೇ ನಡ್ಕೊಂಡು ಹೋಗ್ಲಿ ಅನ್ನಿಸ್ತಿತ್ತು. ನಿಂಗೆ ಏನಾದ್ರೂ ಆದ್ರೆ ನಾನು ಅಳತೆ ಯಾರಿಗೆ ಕೂಗ್ಲಿ?"

ಕಾಜಾ ಅತ್ತೆ ಏನೋ ನೆಪ ಹೇಳಿ ಹೊರಗೆ ಹೋದಳು. ಬಿಸ್ಕತ್ತಿನ ಪೊಟ್ಟಣ ಮರೆತಿದ್ದಳು, ತಿರುಗಿ ಬಂದು ತೆಗೆದುಕೊಂಡು ಮತ್ತೆ ಹೋದಳು.

"ಅವನ ಕೈಯಲ್ಲಿರೋ ನರಾನ ನೀವು ಬಿಚ್ಚಿ ಹೊಲಿದು ಕೊಡ್ತೀರಾ?" ಎಂದಳು ಅಕ್ಕ.

"ಇಲ್ಲ."

"ಹಂಗಾದ್ರೆ ನಾಳೆ ಸಂಜೆಯೊಳಗೆ ಅಷ್ಟೂ ಅಂಗಿ ಮೊದಲಿದ್ದ ಅಳತೆಗೆ ಬರಬೇಕು."

ಬಂದವು. ಆ ಎರಡು ದಿನ ಅಕ್ಕ ಗಂಡನ ಜೊತೆ ಅಂಗಡಿಯ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಪಾರ್ಕಿಗೆ ಹೊರಟಾಗ ಮಾಸ್ತರು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರೂ ಹೊರಗೆ ಬಂದ ಮೇಲೆ ಅಕ್ಕ ಬೀಗ ಹಾಕಿದಳು.

ತಮ್ಮನಿಗೆ ಅಕ್ಕನೇ ಹೋಗಿ ಹೇಳಿದಳು. ಅವನು ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೈ ಚಾಚಿ ಒರಗಿದ್ದ. ಬಸ್ಸು ಓಡಿಸುತ್ತಿದ್ದವನ ಬಲಗಾಲು ಈಗಲೂ ಕೂತಲ್ಲೇ ಬ್ರೇಕನ್ನು ಹುಡುಕುತ್ತಿತ್ತು. ಅಂಗಿಗಳ ಕತೆ ಕೇಳಿ ಅವನು ಎಷ್ಟು ನಕ್ಕನೆಂದರೆ ಯಂತ್ರ ಕೂಗಿಕೊಂಡಿತು, ನರ್ಸ್ ಓಡಿಬಂದು ಬೈದಳು.

"ಭಾವನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ," ಎಂದ ಉಸಿರು ಹಿಡಿದುಕೊಂಡು. "ಅಕ್ಕಾ, ಬಿಟ್ಟುಬಿಡು. ಈ ಕುರ್ಚಿ ನಂಗೆ ಅಭ್ಯಾಸ ಆಗಿದೆ."

"ಕುರ್ಚಿಗೂ ಆಗಬೇಕಲ್ಲ," ಎಂದಳು ಅಕ್ಕ. "ನಾನು ಕೊಡ್ತೀನಿ ಅಂದಿದೀನಿ. ಚಿಕ್ಕಂದಿನಲ್ಲಿ ನೀನು ಕೇಳದೆ ಎಲ್ಲಾ ಕಿತ್ಕೋತಿದ್ದೆ, ಈಗ ಎಲ್ಲಿಂದ ಬಂತು ನಿಂಗೆ ನಾಚಿಕೆ?"

ಅವನು ಗೋಡೆಯ ಕಡೆ ತಿರುಗಿದ. ಹಾಡಲಿಲ್ಲ.

ಗುಳಿಗೆ ನಿಂತ ಮೇಲೆ ನವೆ ಹೋಯಿತು, ಕೆಲವು ವಾರಗಳಲ್ಲಿ ಸುಸ್ತೂ ಹೋಯಿತು, ಲಿವರ್ ತನ್ನಷ್ಟಕ್ಕೆ ತಾನು ದಾರಿಗೆ ಬಂತು. ತೂಕ ಮಾತ್ರ ತನ್ನಷ್ಟಕ್ಕೆ ತಾನು ಎಲ್ಲಿಗೂ ಹೋಗಲಿಲ್ಲ. ಅದನ್ನು ದಿನಾ ಪಾರ್ಕಿನ ಸುತ್ತ ನಡೆಸಿಕೊಂಡು ಹೋಗಬೇಕಾಯಿತು. ಅಕ್ಕ ಅರ್ಧ ಹೊಟ್ಟೆಗೆ ಏಳುವುದನ್ನು ಕಲಿತಳು. ಜೊತೆಗೆ ಕೂತವರು ತಟ್ಟೆ ತುಂಬ ತಿನ್ನುವುದು ಹೇಗೆಂದು ಮಾಸ್ತರೂ ಅರ್ಧ ಹೊಟ್ಟೆಗೆ ಎದ್ದರು. ಇಳಿಯಬೇಕಾದವಳಿಗಿಂತ ಮೊದಲು ಅವರೇ ಇಳಿದು, ಪ್ಯಾಂಟು ಹಿಡಿದುಕೊಂಡು ನಡೆಯುವಂತಾಯಿತು. ಅಕ್ಕನಿಗೆ ಇದು ಸರಿ ಕಾಣಲಿಲ್ಲ. ಪುಟ್ಟಿ ಬಂದಾಗಲೆಲ್ಲ ಕೈ ಬೀಸಿಕೊಂಡು ಬರುತ್ತಿದ್ದಳು, ಬಂದು ಅಂಗಡಿಯ ನೆಲ ಗುಡಿಸಿ ಹೋಗುತ್ತಿದ್ದಳು. ನಡುವೆ ತಮ್ಮನ ಎಡಗೈ ಪೂರ್ತಿ ಸೋತು ಕುತ್ತಿಗೆಗೆ ನಳಿಕೆ ಹಾಕಿದರು. ಆ ವಾರ ಅಕ್ಕ ಊಟಕ್ಕೆ ಕೂತರೂ ಗಂಟಲಲ್ಲಿ ಇಳಿಯಲಿಲ್ಲ. ಅದೊಂದು ವಾರ ತೂಕ ಬೇಗ ಇಳಿಯಿತು, ಆ ಬಗೆಯನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಮುಳ್ಳು ಕೊನೆಗೂ ಡಾಕ್ಟರಮ್ಮ ಹೇಳಿದ ಕಡೆಗೆ ಬಂದು ನಿಂತಿತು. ಡಾಕ್ಟರಮ್ಮ ಈ ಸಲವೂ ನಗಲಿಲ್ಲ, ಆದರೆ ಅಕ್ಕನಿಗೆ ಯಂತ್ರದಿಂದ ಇಳಿಯಲು ಕೈ ಕೊಟ್ಟರು. ಉಳಿದದ್ದು ಒಂದೇ. ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಬೇಕಿತ್ತು. ಅದು ಆಸ್ಪತ್ರೆಯ ನಿಯಮ.

ಮೊದಲು ಅಕ್ಕನನ್ನು ಕೇಳಿದರು. ಯಾರೂ ಒತ್ತಾಯ ಮಾಡಿಲ್ಲ, ನಾನಾಗಿ ಕೊಡ್ತಿದೀನಿ ಎಂದಳು. ಆಮೇಲೆ ಮಾಸ್ತರ ಕಡೆ ತಿರುಗಿದರು.

"ನಿಮ್ಮ ಹೆಂಡತಿ ಕಿಡ್ನಿ ಕೊಡೋದು ನಿಮಗೆ ಇಷ್ಟ ಇದೆಯಾ?"

"ಇಲ್ಲ," ಎಂದರು ಮಾಸ್ತರು.

ಅಕ್ಕ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಗಂಡನ ಕಡೆ ನೋಡಲಿಲ್ಲ.

"ಇಷ್ಟ ಇಲ್ಲ," ಎಂದರು ಮಾಸ್ತರು ಮತ್ತೊಮ್ಮೆ. "ಒಪ್ಪಿಗೆ ಇದೆ."

"ಅದನ್ನ ನಾನು ಹೇಗೆ ತಿಳ್ಕೊಳ್ಳಲಿ?"

"ಹೌದು ಅಂತ ತಿಳ್ಕೊಳ್ಳಿ. ಇಷ್ಟ ಇದೆ ಅಂದ್ರೆ ಸುಳ್ಳಾಗುತ್ತೆ. ಮನೇಲಿ ಸುಳ್ಳು ನಿಲ್ಲಿಸಿದೀವಿ."

ದೊಡ್ಡ ಡಾಕ್ಟರು ತಲೆಯಾಡಿಸಿದರು. ಮುಂದಿನ ಮಂಗಳವಾರ ಎಂದರು. ಅಕ್ಕನ ಕೈ ಚೀಲದ ಹಿಡಿಯನ್ನು ಬಿಟ್ಟಿತು. ಇನ್ನೇನಾದರೂ ಕೇಳುವುದಿದೆಯಾ ಎಂದು ಡಾಕ್ಟರು ಕೇಳಿದರು, ಎಲ್ಲರನ್ನೂ ಕೇಳುವ ಹಾಗೆ, ಏಳುತ್ತಾ.

"ಇದೆ," ಎಂದರು ಮಾಸ್ತರು. "ಕೊಯ್ದ ಮೇಲೆ ಹೊಲಿಗೆ ಯಾರು ಹಾಕೋದು?"

"ನಾನೇ."

ಮಾಸ್ತರು ಡಾಕ್ಟರ ಕೈಗಳನ್ನು ಸಾವಕಾಶವಾಗಿ ನೋಡಿದರು. ಬೆರಳು ಉದ್ದವಾಗಿದ್ದವು, ನಡುಗುತ್ತಿರಲಿಲ್ಲ. ಅಷ್ಟರಮಟ್ಟಿಗೆ ಸಮಾಧಾನವಾದಂತಿತ್ತು.

"ದಾರ ಯಾವುದು?"

"ಕರಗೋ ದಾರ. ಕೆಲವು ವಾರದಲ್ಲಿ ತಾನೇ ಕರಗಿ ಹೋಗುತ್ತೆ."

ಮಾಸ್ತರ ಮುಖದ ಬಣ್ಣ ಹೋಯಿತು. ಕರಗುವ ದಾರದಲ್ಲಿ ಹೊಲಿದ ಬಟ್ಟೆಯನ್ನು ಗಿರಾಕಿ ಕೈಗೆ ಕೊಟ್ಟರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಬಾಯಿ ತೆರೆದರು.

"ಒಪ್ಪಿಗೆ ಅಂದಾಗಿದೆ," ಎಂದಳು ಅಕ್ಕ, ಅವರ ತೋಳಿಗೆ ಕೈ ಹಾಕಿ ಎಬ್ಬಿಸುತ್ತಾ. "ನಡೀರಿ. ಸಮವಸ್ತ್ರ ಅರ್ಧಕ್ಕೇ ನಿಂತಿದೆ, ಮಂಗಳವಾರದೊಳಗೆ ಮುಗಿಸಬೇಕು."